ಕುತ್ತಿಗೆಯಿಂದ ಕೈಗೆ ಇಳಿಯುವ ನರದ ನೋವಿಗೆ ಯಾವ ವ್ಯಾಯಾಮ, ಎಷ್ಟು, ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನಿಮಗೆ 42 ವರ್ಷ, ದಿನವಿಡೀ ಲ್ಯಾಪ್‌ಟಾಪ್ ಮುಂದಿನ ಕೆಲಸ. ಒಂದು ತಿಂಗಳಿನಿಂದ ಕುತ್ತಿಗೆಯ ಬಲಭಾಗದಲ್ಲಿ ಮತ್ತು ರೆಕ್ಕೆಮೂಳೆಯ ಒಳ ಅಂಚಿನಲ್ಲಿ ಇರುವ ನೋವು ರಟ್ಟೆಯ ಹಿಂಭಾಗದಿಂದ ಇಳಿದು, ತೋರುಬೆರಳು ಮತ್ತು ನಡುಬೆರಳಿನಲ್ಲಿ ಜೋಮು ಹಿಡಿಸುತ್ತಿದೆ. ಎಂಆರ್‌ಐ ವರದಿಯಲ್ಲಿ ಸಿ6–ಸಿ7 (ಕುತ್ತಿಗೆಯ ಆರನೆಯ ಮತ್ತು ಏಳನೆಯ ಮೂಳೆ) ನಡುವಿನ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಬಲಕ್ಕೆ ಉಬ್ಬಿದೆ ಎಂದು ಬಂದಿದೆ. ವೈದ್ಯರು ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ಫಿಸಿಯೋಥೆರಪಿ ಮಾಡಿಸಿ ಎಂದಿದ್ದಾರೆ. ನೀವು ವಿಡಿಯೋ ನೋಡಿಕೊಂಡು ತಲೆಯನ್ನು ಎಡಕ್ಕೆ ಎಳೆದು ಹಿಡಿಯುವ ವ್ಯಾಯಾಮ ಮಾಡಿದಿರಿ, ಕೈನೋವು ಇನ್ನಷ್ಟು ಹೆಚ್ಚಿತು. ಈಗ ಯಾವ ವ್ಯಾಯಾಮ ಮಾಡಬೇಕು, ಬೈಕ್ ಓಡಿಸಬಹುದೇ ಎಂದು ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಇಂಥ ಕುತ್ತಿಗೆಗಳನ್ನು ದಿನವೂ ನೋಡುವವನಾದ್ದರಿಂದ ಉತ್ತರಿಸುತ್ತಿದ್ದೇನೆ. ಆದರೆ ನಿಮ್ಮನ್ನು ಮುಟ್ಟಿ ಪರೀಕ್ಷಿಸಿದವರ ಮಾತಿಗೆ ನನ್ನ ಮಾತಿಗಿಂತ ಹೆಚ್ಚು ತೂಕ ಕೊಡಿ.

ಕುತ್ತಿಗೆಯಲ್ಲಿ ಮೂಳೆಗಳು ಏಳು, ಆದರೆ ಅಲ್ಲಿಂದ ಹೊರಡುವ ನರಮೂಲಗಳು ಎಂಟು ಜೊತೆ. ಆದ್ದರಿಂದ ಸಿ6 ಮತ್ತು ಸಿ7 ಮೂಳೆಗಳ ನಡುವಿನ ಕಿಂಡಿಯಿಂದ ಹೊರಬರುವುದು ಸಿ7 ನರ. ಮೊಣಕೈಯನ್ನು ನೇರ ಮಾಡುವ ಟ್ರೈಸೆಪ್ಸ್ ಸ್ನಾಯುವೂ ನಡುಬೆರಳಿನ ಸ್ಪರ್ಶಜ್ಞಾನವೂ ಹೆಚ್ಚಾಗಿ ಇದನ್ನೇ ಅವಲಂಬಿಸಿವೆ. ಹೆಬ್ಬೆರಳು ಜೋಮು ಹಿಡಿದರೆ ಸಿ6, ಕಿರುಬೆರಳು ಹಿಡಿದರೆ ಸಿ8 ಎಂದು ನಾವು ಮೊದಲು ಅನುಮಾನಿಸುತ್ತೇವೆ. ನಿಮ್ಮ ವಿಷಯದಲ್ಲಿ ಸ್ಕ್ಯಾನ್ ಹೇಳುವುದೂ ಕೈ ಹೇಳುವುದೂ ಒಂದೇ ಆಗಿರುವುದರಿಂದ ಗೊಂದಲವಿಲ್ಲ. ಎಷ್ಟೋ ಜನರಲ್ಲಿ ಅವೆರಡೂ ಹೊಂದುವುದೇ ಇಲ್ಲ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 87.6 ಮಂದಿಗೆ ಡಿಸ್ಕ್ ಉಬ್ಬು ಕಂಡುಬಂದಿತ್ತು. ಹಾಗಾಗಿ ವರದಿಯಲ್ಲಿರುವ ‘ಬಲ್ಜ್’ ಎಂಬ ಪದವೊಂದಕ್ಕೇ ಹೆದರಬೇಕಾಗಿಲ್ಲ. ನೋವಿಗೆ ಒತ್ತಡವಷ್ಟೇ ಅಲ್ಲ, ನರಮೂಲದ ಸುತ್ತ ಎದ್ದಿರುವ ಉರಿಯೂತವೂ ಕಾರಣ. ಉರಿಯೂತದಲ್ಲಿರುವ ನರ ಎಳೆತವನ್ನು ಸಹಿಸುವುದಿಲ್ಲ. ವಿಡಿಯೋ ನೋಡಿ ಮಾಡಿದ ವ್ಯಾಯಾಮ ನಿಮಗೆ ಕೈಕೊಟ್ಟದ್ದು ಅದಕ್ಕೇ.

ವ್ಯಾಯಾಮಕ್ಕೆ ಕೈ ಹಾಕುವ ಮುನ್ನ ಕೆಲವನ್ನು ಖಚಿತಪಡಿಸಿಕೊಳ್ಳಿ. ನಡೆಯುವಾಗ ತೂರಾಡಿದಂತಾಗುವುದು, ಅಂಗಿಯ ಗುಂಡಿ ಹಾಕಲು ಅಥವಾ ಅಕ್ಷರ ಬರೆಯಲು ಎರಡೂ ಕೈಗಳು ತಡವರಿಸುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಇವು ನರಮೂಲವಲ್ಲ, ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿದೆ ಎಂಬುದರ ಸೂಚನೆಗಳಾಗಿರಬಹುದು. ಹಾಗೇನಾದರೂ ಇದ್ದರೆ ವ್ಯಾಯಾಮವನ್ನು ಬಿಟ್ಟು ತಡಮಾಡದೆ ನರರೋಗ ತಜ್ಞರನ್ನೋ ನರಶಸ್ತ್ರಚಿಕಿತ್ಸಕರನ್ನೋ ಕಾಣಬೇಕು. ಕೈಯ ಬಲ ದಿನದಿಂದ ದಿನಕ್ಕೆ ಕುಸಿಯುತ್ತಿದ್ದರೂ, ನೋವಿನ ಜೊತೆ ಜ್ವರ ಇದ್ದರೂ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೂ, ಬಿದ್ದು ಪೆಟ್ಟಾದ ಮೇಲೆ ನೋವು ಶುರುವಾಗಿದ್ದರೂ ಇದೇ ಮಾತು. ಕೈನೋವಿನ ಜೊತೆ ಎದೆ ಬಿಗಿದು ಬೆವರುವುದು ಹೃದಯದ ತೊಂದರೆ ಇರಬಹುದು, ಆಗ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಇನ್ನು ಮುಂದೆ ಹೇಳುವುದಕ್ಕೆಲ್ಲ ಆಧಾರವಾದ ಒಂದು ನಿಯಮವಿದೆ. ವ್ಯಾಯಾಮ ಸರಿಯೋ ತಪ್ಪೋ ಎಂಬುದನ್ನು ನೋವು ಎಷ್ಟಿದೆ ಎಂಬುದರಿಂದ ಅಳೆಯಬೇಡಿ, ನೋವು ಯಾವ ಕಡೆಗೆ ಸರಿಯುತ್ತಿದೆ ಎಂಬುದರಿಂದ ಅಳೆಯಿರಿ. ಬೆರಳಿನ ಜೋಮು ಕಡಿಮೆಯಾಗಿ ನೋವು ಮೊಣಕೈಗೆ, ಅಲ್ಲಿಂದ ಭುಜಕ್ಕೆ, ಕೊನೆಗೆ ಕುತ್ತಿಗೆಗೆ ಹಿಮ್ಮೆಟ್ಟುತ್ತಿದ್ದರೆ, ಕುತ್ತಿಗೆಯ ನೋವು ತಾತ್ಕಾಲಿಕವಾಗಿ ಹೆಚ್ಚಿದರೂ ಸಹ ಅದು ಒಳ್ಳೆಯ ಲಕ್ಷಣ. ಕುತ್ತಿಗೆ ಹಗುರವಾದಂತೆ ಅನಿಸಿ ಕೈಯಲ್ಲಿ ನೋವು ಕೆಳಗಿಳಿಯುತ್ತಿದ್ದರೆ ಆ ವ್ಯಾಯಾಮ ನಿಮಗೆ ಈಗ ಹೊಂದುವುದಿಲ್ಲ. ನೋವು ಹೀಗೆ ಬೆನ್ನುಮೂಳೆಯ ಕಡೆಗೆ ಹಿಂಜರಿಯುವುದನ್ನು ಗಮನಿಸಿ ಅದರ ಮೇಲೆ ಒಂದು ಚಿಕಿತ್ಸಾಕ್ರಮವನ್ನೇ ಕಟ್ಟಿದವರು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ. ವ್ಯಾಯಾಮದ ನಂತರ ಕೈಯಲ್ಲಿ ಏಳುವ ಜುಮ್ಮೆನ್ನುವಿಕೆ ಕೆಲವು ನಿಮಿಷಗಳಲ್ಲಿ ತಣ್ಣಗಾದರೆ ಚಿಂತೆಯಿಲ್ಲ. ಅರ್ಧ ಗಂಟೆಯಾದರೂ ಉಳಿದರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ, ಆಗಲೂ ಉಳಿದರೆ ಅದನ್ನು ಕೈಬಿಡಿ.

ಮೊದಲ ವ್ಯಾಯಾಮ ಗಲ್ಲವನ್ನು ಹಿಂದಕ್ಕೆ ಸರಿಸುವುದು. ಬೆನ್ನಿಗೆ ಆನಿಕೆಯಿರುವ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ದೃಷ್ಟಿಯನ್ನು ಎದುರಿಗಿಟ್ಟು, ತಲೆಯನ್ನು ಬಗ್ಗಿಸದೆ, ಎತ್ತದೆ, ಗಲ್ಲವನ್ನು ನೇರ ಹಿಂದಕ್ಕೆ ಜಾರಿಸಬೇಕು. ಎರಡು ಮೂರು ಸೆಕೆಂಡು ನಿಲ್ಲಿಸಿ ಬಿಡಬೇಕು. ಒಂದು ಸಲಕ್ಕೆ ಎಂಟು ಹತ್ತು ಬಾರಿ ಸಾಕು, ಆದರೆ ಎಚ್ಚರವಿರುವಷ್ಟು ಹೊತ್ತು ಎರಡು ಮೂರು ಗಂಟೆಗೊಮ್ಮೆ ಮಾಡಬೇಕು. ಬೆಳಗ್ಗೆ ಒಮ್ಮೆಗೇ ನೂರು ಮಾಡಿ ದಿನವೆಲ್ಲ ಗೂನುಬೆನ್ನಿನಲ್ಲಿ ಕುಳಿತರೆ ಪ್ರಯೋಜನವಿಲ್ಲ. ಕುಳಿತು ಮಾಡಿದಾಗ ಕೈನೋವು ಏರಿದರೆ ಮಲಗಿ, ತಲೆಯ ಕೆಳಗೆ ತೆಳು ದಿಂಬಿಟ್ಟು ಮಾಡಿ, ಏಕೆಂದರೆ ಆಗ ಸುಮಾರು ಐದು ಕಿಲೋ ತೂಕದ ತಲೆಯ ಭಾರ ಕುತ್ತಿಗೆಯ ಮೇಲೆ ಬೀಳುವುದಿಲ್ಲ. ಇದರ ಮುಂದುವರಿಕೆಯಾಗಿ ತಲೆಯನ್ನು ಹಿಂದಕ್ಕೆ ಬಾಗಿಸುವ ಚಲನೆಯನ್ನು ಕೆಲವರು ಕಲಿಸುತ್ತಾರೆ. ಹಿಂದಕ್ಕೆ ಬಾಗಿದಾಗ ನರ ಹೊರಬರುವ ಕಿಂಡಿ ಕಿರಿದಾಗುವುದರಿಂದ ಅದನ್ನು ನೀವೇ ಆರಂಭಿಸಬೇಡಿ.

ಎರಡನೆಯದು ಕುತ್ತಿಗೆಯ ಮುಂಭಾಗದ ಆಳದ ಸ್ನಾಯುಗಳಿಗೆ. ಆಸ್ಟ್ರೇಲಿಯಾದ ಗ್ವೆಂಡೊಲೆನ್ ಜುಲ್ ಮತ್ತು ಅವರ ಸಹೋದ್ಯೋಗಿಗಳ ಸಂಶೋಧನೆಯಿಂದ ಬೆಳೆದ ವ್ಯಾಯಾಮವಿದು. ಮೊಣಕಾಲು ಮಡಿಸಿ ಅಂಗಾತ ಮಲಗಿ, ತಲೆಯನ್ನು ನೆಲದಿಂದ ಎತ್ತದೆ, ‘ಹೂಂ’ ಎಂದು ಮೆಲ್ಲಗೆ ಒಪ್ಪಿಗೆ ಸೂಚಿಸುವಷ್ಟೇ ಗಲ್ಲವನ್ನು ಕೆಳಗೆ ತಂದು ಐದು ಸೆಕೆಂಡು ಹಿಡಿಯಬೇಕು. ಬೆರಳುಗಳನ್ನು ಕತ್ತಿನ ಮುಂಬದಿಯ ಎರಡು ಕಡೆ ಇಟ್ಟುಕೊಳ್ಳಿ; ಅಲ್ಲಿನ ದಪ್ಪ ಸ್ನಾಯುಗಳು ಹಗ್ಗದಂತೆ ಬಿಗಿದರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ ಎಂದರ್ಥ. ಹತ್ತು ಸೆಕೆಂಡಿನಂತೆ ಹತ್ತು ಬಾರಿ ನಿರಾಯಾಸವಾಗಿ ಮಾಡುವಷ್ಟಕ್ಕೆ ಕ್ರಮೇಣ ಏರಬೇಕು. ನೋಡಲು ಏನೂ ಮಾಡುತ್ತಿಲ್ಲವೆನಿಸುವ ಈ ವ್ಯಾಯಾಮವನ್ನೇ ಜನ ಮೊದಲು ಬಿಟ್ಟುಬಿಡುತ್ತಾರೆ, ನನಗೆ ಅದೊಂದು ಬೇಸರ.

ಮೂರನೆಯದು ನರವನ್ನು ಜಾರಿಸುವ ವ್ಯಾಯಾಮ. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಪೈಜಾಮದ ಲಾಡಿಯ ಒಂದು ತುದಿಯನ್ನು ಎಳೆದಾಗ ಇನ್ನೊಂದು ತುದಿ ಒಳಗೆ ಸರಿದುಕೊಂಡರೆ ಲಾಡಿ ಸಲೀಸಾಗಿ ಓಡಾಡುತ್ತದೆ, ಎರಡೂ ತುದಿಗಳನ್ನು ಒಟ್ಟಿಗೆ ಜಗ್ಗಿದರೆ ಬಿಗಿಯುತ್ತದೆ. ನೀವು ಮಾಡಿದ್ದು ಎರಡನೆಯದನ್ನು: ತಲೆಯನ್ನು ನೋವಿಲ್ಲದ ಕಡೆಗೆ ಎಳೆದು, ನೋವಿನ ಕೈಯನ್ನು ಕೆಳಗೆ ಚಾಚಿ, ಹಾಗೇ ಹಿಡಿದಿರಿ. ಸ್ನಾಯುವಿಗೆ ಇಂಥ ಎಳೆತ ಹಿತವೆನಿಸಬಹುದು, ಕೆರಳಿದ ನರಕ್ಕೆ ಅಲ್ಲ. ಅದರ ಬದಲು ಹೀಗೆ ಮಾಡಿ. ಬಲಗೈಯನ್ನು ಪಕ್ಕಕ್ಕೆ, ಹೆಗಲಿಗಿಂತ ಸ್ವಲ್ಪ ಕೆಳಗಿನ ಎತ್ತರದಲ್ಲಿ, ಮೊಣಕೈ ಮಡಿಸಿ, ಅಂಗೈ ಮೇಲ್ಮುಖವಾಗಿರುವಂತೆ ಇಟ್ಟುಕೊಳ್ಳಿ. ಮೊಣಕೈಯನ್ನು ನಿಧಾನವಾಗಿ ಚಾಚುವಾಗ ತಲೆಯನ್ನು ಅದೇ ಬಲಗಡೆಗೆ ತುಸು ವಾಲಿಸಿ. ಮೊಣಕೈಯನ್ನು ಮತ್ತೆ ಮಡಿಸುವಾಗ ತಲೆಯನ್ನು ಎಡಕ್ಕೆ ತನ್ನಿ. ಎಲ್ಲಿಯೂ ನಿಲ್ಲಿಸಬಾರದು, ಕೊನೆಯ ಮಿತಿಯವರೆಗೆ ಹೋಗಬಾರದು, ಜುಮ್ಮೆನ್ನುವಿಕೆ ಆರಂಭವಾಗುವ ಮೊದಲೇ ಹಿಂದಿರುಗಬೇಕು. ತಲೆಯನ್ನು ಬಲಕ್ಕೆ ವಾಲಿಸಿದ್ದರಿಂದಲೇ ಕೈ ಜುಮ್ಮೆಂದರೆ ತಲೆಯನ್ನು ನೇರವಾಗಿಟ್ಟು ಮೊಣಕೈಯನ್ನಷ್ಟೇ ಅರ್ಧದವರೆಗೆ ಆಡಿಸಿ. ಎಂಟು ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ ಸಾಕು. ಈ ಒಂದು ವ್ಯಾಯಾಮವನ್ನಾದರೂ ಮೊದಲ ಸಲ ತಿಳಿದವರ ಎದುರಿಗೆ ಮಾಡಿ ತೋರಿಸಿಕೊಳ್ಳಿ.

ರೆಕ್ಕೆಮೂಳೆಗಳನ್ನು ಹಿಂದಕ್ಕೆ ಹತ್ತಿರ ತರುವುದು, ರಬ್ಬರ್ ಬ್ಯಾಂಡನ್ನು ಕಿಟಕಿಯ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆಯುವುದು, ಗೋಡೆಗೆ ಕೈ ಊರಿ ದಂಡ ಹೊಡೆಯುವುದು ಇವೆಲ್ಲ ಕೈನೋವು ಮೊಣಕೈಗಿಂತ ಮೇಲಕ್ಕೆ ಹಿಮ್ಮೆಟ್ಟಿದ ಮೇಲೆ. ಗೋಡೆಯ ದಂಡದಿಂದ ಟ್ರೈಸೆಪ್ಸ್ ಬಲ ಮರಳುತ್ತಿದೆಯೇ ಎಂಬುದೂ ತಿಳಿಯುತ್ತದೆ. ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳು ಸದ್ಯಕ್ಕೆ ಬೇಡವೇ ಬೇಡ. ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವ ಅಭ್ಯಾಸವಿದ್ದರೆ ಈಗಷ್ಟೇ ಅಲ್ಲ, ಎಂದೆಂದಿಗೂ ಬಿಡಿ. ಆ ಹಠಾತ್ ತಿರುಚುವಿಕೆಯಿಂದ ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಧಮನಿ ಒಳಗೆ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ರಾತ್ರಿ ಕೈನೋವು ಕಾಡಿದರೆ ಬಲಗೈಯನ್ನು ತಲೆಯ ಮೇಲಿಟ್ಟುಕೊಂಡು ನೋಡಿ, ಅನೇಕರಿಗೆ ಕೂಡಲೇ ಹಗುರವಾಗುತ್ತದೆ, ಏಕೆಂದರೆ ಆ ಭಂಗಿಯಲ್ಲಿ ನರಮೂಲದ ಮೇಲಿನ ಎಳೆತ ಸಡಿಲವಾಗುತ್ತದೆ. ಎಡಮಗ್ಗುಲಿಗೆ ಮಲಗಿ, ಹೆಗಲಿನ ಅಗಲಕ್ಕೆ ಸರಿಹೊಂದುವ ಒಂದೇ ದಿಂಬನ್ನು ತಲೆಗಿಟ್ಟು, ಇನ್ನೊಂದನ್ನು ಎದೆಗೆ ಅಪ್ಪಿ ಬಲಗೈಯನ್ನು ಅದರ ಮೇಲಿಡಿ. ಬೋರಲು ಮಲಗಬೇಡಿ.

ಕ್ಲಿನಿಕ್‌ಗಳಲ್ಲಿ ‘ಕರೆಂಟ್ ಕೊಡುವುದು’, ಬಿಸಿ ಶಾಖ ಮತ್ತು ತೂಕ ಕಟ್ಟಿ ಕುತ್ತಿಗೆ ಎಳೆಯುವ ಟ್ರಾಕ್ಷನ್ ಇವುಗಳ ಬಗ್ಗೆ ನನ್ನ ಅಭಿಪ್ರಾಯ ಇಷ್ಟೆ: ನೋವು ತಗ್ಗಿ ವ್ಯಾಯಾಮ ಮಾಡಲು ಅನುಕೂಲವಾಗುವುದಾದರೆ ತೆಗೆದುಕೊಳ್ಳಿ, ಆದರೆ ದಿನವೂ ಯಂತ್ರಕ್ಕೆ ಕೂರಿಸಿ ಒಂದು ವ್ಯಾಯಾಮವನ್ನೂ ಕಲಿಸದೆ ಕಳಿಸುವ ಜಾಗಕ್ಕೆ ಹಣ ಸುರಿಯಬೇಡಿ. ಕುತ್ತಿಗೆಗೆ ಹಾಕುವ ಪಟ್ಟಿಯಾದ ಕಾಲರ್ ವಿಷಯದಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ನೋವು ಶುರುವಾಗಿ ಒಂದು ತಿಂಗಳೊಳಗಿನ 205 ರೋಗಿಗಳಲ್ಲಿ ಕಾಲರ್ ಹಾಕಿದವರಿಗೂ ಫಿಸಿಯೋಥೆರಪಿ ಪಡೆದವರಿಗೂ ಮೊದಲ ಆರು ವಾರಗಳಲ್ಲಿ, ಸುಮ್ಮನೆ ಕಾದವರಿಗಿಂತ ಬೇಗ ಕೈನೋವು ಇಳಿಯಿತು. ಆರು ತಿಂಗಳ ಹೊತ್ತಿಗೆ ಮೂರು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಉಳಿಯಲಿಲ್ಲ. ಕಾಲರ್ ಅನ್ನು ಕೆಲವು ವಾರ ಬಳಸಿ ಹಂತಹಂತವಾಗಿ ಬಿಡಬಹುದು ಎಂಬುದು ಇದರಿಂದ ನಾನು ತೆಗೆದುಕೊಳ್ಳುವ ಅರ್ಥ.

ಎಷ್ಟು ದಿನ ಎಂದರೆ, ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಮೂರು ನಾಲ್ಕು ತಿಂಗಳು. ಮುಂದೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೆಸರಾದ ನರರೋಗ ತಜ್ಞ ಡಾ. ಕೆ. ರಾಧಾಕೃಷ್ಣನ್ ಮತ್ತು ಸಂಗಡಿಗರು ಅಮೆರಿಕದ ರೋಚೆಸ್ಟರ್‌ನ 1976ರಿಂದ 1990ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ, ಈ ತೊಂದರೆಯಿದ್ದವರಲ್ಲಿ ಶೇ. 26ರಷ್ಟು ಜನ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು, ಮತ್ತು ಕೊನೆಯ ಭೇಟಿಯ ಹೊತ್ತಿಗೆ ಶೇ. 90ರಷ್ಟು ಜನ ತೊಂದರೆಯಿಲ್ಲದೆ ಅಥವಾ ಅಲ್ಪ ತೊಂದರೆಯೊಡನೆ ಇದ್ದರು. ಸಾಮಾನ್ಯವಾಗಿ ನೋವು ಮೊದಲು ಹೋಗುತ್ತದೆ, ಬೆರಳಿನ ಜೋಮು ಹಿಂದೆ ಉಳಿದು ನಿಧಾನವಾಗಿ ಕರಗುತ್ತದೆ. ಆರೇಳು ವಾರ ಸರಿಯಾಗಿ ಮಾಡಿದರೂ ನೋವು ಒಂದಿಷ್ಟೂ ಹಿಮ್ಮೆಟ್ಟದಿದ್ದರೆ ವೈದ್ಯರನ್ನು ಮತ್ತೆ ಕಂಡು ಮುಂದಿನ ದಾರಿ ಕೇಳಬೇಕು.

ಬೈಕ್ ಬಗ್ಗೆ: ಸದ್ಯಕ್ಕೆ ಬೇಡ ಎನ್ನುತ್ತೇನೆ. ಮುಂದಕ್ಕೆ ಬಾಗಿ ಕುಳಿತಾಗ ದಾರಿ ನೋಡಲು ಕುತ್ತಿಗೆಯನ್ನು ಹಿಂದಕ್ಕೆ ಮಣಿಸಬೇಕಾಗುತ್ತದೆ, ಮೇಲೆ ಹೆಲ್ಮೆಟ್ಟಿನ ಭಾರ, ಕೆಳಗೆ ರಸ್ತೆಯ ಉಬ್ಬುಗಳ ಕುಲುಕಾಟ. ಅದಕ್ಕಿಂತ ಮುಖ್ಯವಾಗಿ, ಆಕ್ಸಿಲರೇಟರೂ ಮುಂದಿನ ಬ್ರೇಕೂ ಇರುವುದು ನಿಮ್ಮ ನೋವಿನ ಬಲಗೈಯಲ್ಲೇ. ತಲೆಯನ್ನು ಎರಡೂ ಕಡೆಗೆ ಸುಮಾರು 60 ಡಿಗ್ರಿ ತಿರುಗಿಸಿದಾಗ ಕೈಗೆ ನೋವು ಇಳಿಯದೆ, ಬಲಗೈಯ ಹಿಡಿತ ಎಡಗೈಯಷ್ಟೇ ಗಟ್ಟಿಯಾದ ಮೇಲೆ, ಮೊದಲು ನೆಟ್ಟಗೆ ಕೂರಲು ಬರುವ ಸ್ಕೂಟರಿನಲ್ಲಿ ಹತ್ತಿರದ ದೂರಕ್ಕೆ ಹೋಗಿ ನೋಡಿ. ಆ ಸಂಜೆ ಕೈ ಏನು ಹೇಳುತ್ತದೆ ಎಂಬುದರ ಮೇಲೆ ಮರುದಿನದ ದೂರವನ್ನು ತೀರ್ಮಾನಿಸಿ.