ಸಂಪಾದಕರ ಉತ್ತರ: ನಾಲ್ಕು ಎಂಜಿನ್ ಏಕೆ ಬೇಕಿತ್ತು?

ಮಾನ್ಯರೇ,

ಪ್ರಾದೇಶಿಕ ಜೆಟ್ ವಿಮಾನಗಳನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ನೂರರ ಆಸುಪಾಸಿನ ಪ್ರಯಾಣಿಕರಿಗಾಗಿ ನಾಲ್ಕು ಎಂಜಿನ್ ಹೊತ್ತ ಬಿಎಇ 146 ವಿಮಾನದ ಲೆಕ್ಕಾಚಾರವೇ ಮೊದಲಿನಿಂದ ತಪ್ಪಾಗಿತ್ತು, ಅದನ್ನು ಯಶಸ್ವಿ ಎಂದು ಕರೆದದ್ದು ಸರಿಯಲ್ಲ ಎಂಬುದು ಒಂದು. 2016ರಲ್ಲಿ ಕೊಲಂಬಿಯಾದಲ್ಲಿ ಇದರದೇ ಸುಧಾರಿತ ಮಾದರಿಯೊಂದು ಬಿದ್ದ ದುರಂತಕ್ಕೆ ವಿಮಾನದ ದೋಷವೇ ಕಾರಣವೆಂಬ ಅರ್ಥ ಬರುವಂತೆ ಬರೆದಿದ್ದೀರಿ ಎಂಬುದು ಇನ್ನೊಂದು.

ಎರಡನೆಯದನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಬ್ರೆಜಿಲಿನ ಶಾಪೆಕೊಯೆನ್ಸ್ ಫುಟ್‌ಬಾಲ್ ತಂಡವನ್ನು ಕರೆದೊಯ್ಯುತ್ತಿದ್ದ ಆ ವಿಮಾನ ಬೊಲಿವಿಯಾದ ಸಾಂತಾ ಕ್ರೂಸ್‌ನಿಂದ ಹೊರಟು, ನಡುವೆ ಎಲ್ಲಿಯೂ ಇಂಧನ ತುಂಬಿಸಿಕೊಳ್ಳದೆ ಕೊಲಂಬಿಯಾದ ಮೆಡೆಯಿನ್ ನಗರದ ಸಮೀಪಕ್ಕೆ ಬಂದಾಗ ಟ್ಯಾಂಕುಗಳು ಬರಿದಾಗಿದ್ದವು. ಎಂಜಿನ್‌ಗಳು ಒಂದೊಂದಾಗಿ ನಿಂತವು. 77 ಜನರಲ್ಲಿ 71 ಮಂದಿ ಪ್ರಾಣ ಕಳೆದುಕೊಂಡರು. ಇಂಧನದ ಲೆಕ್ಕದಲ್ಲಿ ಆದ ಅಕ್ಷಮ್ಯ ಲೋಪವನ್ನು ಯಂತ್ರದ ಮೇಲೆ ಹೊರಿಸಿದಂತೆ ಬರೆದದ್ದು ನಮ್ಮ ತಪ್ಪು, ಅದಕ್ಕಾಗಿ ವಿಷಾದಿಸುತ್ತೇನೆ.

ಮೊದಲ ಆಕ್ಷೇಪವನ್ನು ಮಾತ್ರ ಒಪ್ಪಲಾರೆ. 1973ರಲ್ಲಿ ಬ್ರಿಟನ್ನಿನ ಹಾಕರ್ ಸಿಡ್ಲಿ ಕಂಪನಿ ಈ ವಿಮಾನದ ಯೋಜನೆ ಪ್ರಕಟಿಸಿದಾಗ, ಮರುವರ್ಷವೇ ತೈಲ ಬಿಕ್ಕಟ್ಟಿನಿಂದಾಗಿ ಅದನ್ನು ಕೈಬಿಟ್ಟಾಗ, 1978ರಲ್ಲಿ ಆ ಕಂಪನಿಯನ್ನು ಒಳಗೊಂಡ ಬ್ರಿಟಿಷ್ ಏರೋಸ್ಪೇಸ್ (ಬಿಎಇ) ಅದಕ್ಕೆ ಮತ್ತೆ ಜೀವ ಕೊಟ್ಟಾಗ, ಉದ್ದೇಶ ಒಂದೇ ಆಗಿತ್ತು: ಚಿಕ್ಕ ರನ್‌ವೇಯಿಂದ, ಊರಿನ ನಿದ್ದೆ ಕೆಡಿಸದೆ ಹಾರಬಲ್ಲ ಜೆಟ್. ಎರಡು ಎಂಜಿನ್‌ಗಳ ವಿಮಾನದಲ್ಲಿ ಮೇಲೇರುವ ಹೊತ್ತಿಗೆ ಒಂದು ಕೆಟ್ಟರೆ ಅರ್ಧ ಶಕ್ತಿ ಹೋಗುತ್ತದೆ. ನಾಲ್ಕರಲ್ಲಿ ಒಂದು ಕೆಟ್ಟರೆ ಹೋಗುವುದು ಕಾಲು ಭಾಗ ಮಾತ್ರ. ಗುಡ್ಡಗಳ ನಡುವಿನ, ಗಾಳಿ ತೆಳುವಾದ ಎತ್ತರದ ನಿಲ್ದಾಣದಲ್ಲಿ ಈ ವ್ಯತ್ಯಾಸವೇ ವಿಮಾನ ಹೊರಡಬಹುದೇ ಇಲ್ಲವೇ ಎಂಬುದನ್ನು ತೀರ್ಮಾನಿಸುತ್ತದೆ. ಅಂದು ಲಭ್ಯವಿದ್ದ ಲೈಕಮಿಂಗ್ ಎಂಜಿನ್ ಚಿಕ್ಕದಾಗಿತ್ತು, ಅದರ ಫ್ಯಾನ್ ಗೇರಿನ ಮೂಲಕ ನಿಧಾನವಾಗಿ ತಿರುಗುತ್ತಿದ್ದುದರಿಂದ ಸದ್ದೂ ಕಡಿಮೆಯಿತ್ತು.

1981ರ ಸೆಪ್ಟೆಂಬರ್ 3ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಮೊದಲು ಹಾರಿದ ಈ ವಿಮಾನ 1983ರ ಮೇ ತಿಂಗಳಲ್ಲಿ ಡ್ಯಾನ್-ಏರ್ ಸಂಸ್ಥೆಯ ಸೇವೆಗೆ ಸೇರಿತು. ಇದು ಇಳಿಯುವುದನ್ನು ಹತ್ತಿರದಿಂದ ಕಂಡವರು ಮರೆಯುವುದು ಕಷ್ಟ. ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳು ಚಾಚಿಕೊಳ್ಳುವಾಗ ಊಳಿಡುವಂಥ ಒಂದು ದನಿ ಹೊರಡುತ್ತದೆ. ಬಾಲದ ತುದಿ ಎರಡು ಎಸಳುಗಳಾಗಿ ಬಿರಿದು ಗಾಳಿಗೆ ಅಡ್ಡ ನಿಲ್ಲುತ್ತದೆ. ಚಕ್ರ ನೆಲ ಮುಟ್ಟಿದೊಡನೆ ರೆಕ್ಕೆಯ ಮೇಲಿನ ಫಲಕಗಳು ಎದ್ದು ಭಾರವನ್ನೆಲ್ಲ ಬ್ರೇಕಿನ ಮೇಲೆ ಹಾಕುತ್ತವೆ. ಎಂಜಿನ್‌ಗಳ ಒತ್ತುಬಲವನ್ನು ಎದುರು ದಿಕ್ಕಿಗೆ ತಿರುಗಿಸಿ ವೇಗ ತಗ್ಗಿಸುವ ವ್ಯವಸ್ಥೆಯೇ ಇದರಲ್ಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಹೆಚ್ಚಿನ ನಿಲ್ದಾಣಗಳಲ್ಲಿ ಮೂರು ಡಿಗ್ರಿ ಇಳಿಜಾರಿನಲ್ಲಿ ಬಂದರೆ ಸಾಕು. ಲಂಡನ್ ಸಿಟಿ ನಿಲ್ದಾಣದಲ್ಲಿ ಐದೂವರೆ ಡಿಗ್ರಿ ಬೇಕು. 1988ರಲ್ಲಿ ಅಲ್ಲಿ ಪರೀಕ್ಷಾರ್ಥವಾಗಿ ಇಳಿದು ಜೆಟ್‌ಗಳಿಗೆ ದಾರಿ ತೋರಿಸಿದ್ದು ಇದೇ ವಿಮಾನ. ಅದೇ ವರ್ಷ ಭೂತಾನದ ಡ್ರುಕ್ ಏರ್ ಇದನ್ನು ಪಾರೋ ಕಣಿವೆಗೆ ತಂದಿತು. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ, ಪೈಲಟ್ ಬೆಟ್ಟಗಳನ್ನು ಕಣ್ಣಾರೆ ನೋಡುತ್ತಲೇ ತಿರುಗಿ ತಿರುಗಿ ಇಳಿಯಬೇಕಾದ ಆ ನಿಲ್ದಾಣದಲ್ಲಿ ಅದು 2004ರವರೆಗೂ ದುಡಿಯಿತು. ಪಾರೋ ಒಂದೇ ಸಾಕು, ನಾಲ್ಕು ಎಂಜಿನ್ ಏಕೆ ಬೇಕಿತ್ತೆಂದು ಹೇಳಲು.

ಹಾಗೆಂದು ಇದರ ಕುಂದುಗಳನ್ನು ಮರೆಮಾಚಲಾರೆ. ಎರಡರ ಬದಲು ನಾಲ್ಕು ಎಂಜಿನ್ ಎಂದರೆ ನೋಡಿಕೊಳ್ಳಬೇಕಾದ ಎಂಜಿನ್‌ಗಳೂ ಇಮ್ಮಡಿ. 1992ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮೀಕಥರಾ ಬಳಿ ಹಿಮಕಣಗಳಿದ್ದ ಮೋಡದಲ್ಲಿ ನಾಲ್ಕೂ ಎಂಜಿನ್‌ಗಳ ಶಕ್ತಿ ಕುಸಿದು, ಕೆಳಗಿಳಿದ ಮೇಲಷ್ಟೇ ಚೇತರಿಸಿಕೊಂಡವು. ಒಂದೇ ಬಗೆಯ ಎಂಜಿನ್ ನಾಲ್ಕಿದ್ದರೂ ಒಂದೇ ಕಾರಣಕ್ಕೆ ನಾಲ್ಕೂ ಸೋಲಬಹುದೆಂಬುದನ್ನು ಆ ಘಟನೆ ತೋರಿಸಿತು. ಎಂಜಿನ್ನಿನ ಸೀಲುಗಳಿಂದ ಸೋರಿದ ಎಣ್ಣೆಯ ಹೊಗೆ ಒಳಗಿನ ಗಾಳಿಗೆ ಬೆರೆಯುತ್ತದೆ ಎಂಬ ಸಿಬ್ಬಂದಿಯ ದೂರು ಆಸ್ಟ್ರೇಲಿಯಾದ ಸೆನೆಟ್ ವಿಚಾರಣೆಯವರೆಗೂ ಹೋಯಿತು. ಇದು ಸಣ್ಣ ವಿಷಯವಲ್ಲ, ನಮ್ಮ ಲೇಖನದಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ.

1990ರ ದಶಕದಲ್ಲಿ ಸುಧಾರಿತ ಎಂಜಿನ್‌ಗಳೊಡನೆ ಆವ್ರೋ ಆರ್‌ಜೆ ಎಂಬ ಹೆಸರು ಬಂದಿತು. ಆದರೆ ಆ ಹೊತ್ತಿಗೆ ಎರಡೇ ಎಂಜಿನ್‌ಗಳ ಪ್ರಾದೇಶಿಕ ಜೆಟ್‌ಗಳು ಮಾರುಕಟ್ಟೆಗೆ ಬಂದಿದ್ದವು, ಮತ್ತು ಉದ್ದನೆಯ ರನ್‌ವೇ ಇರುವಲ್ಲಿ ಅವೇ ಅಗ್ಗ ಎಂಬ ತಮ್ಮ ಮಾತು ಪೂರ್ತಿ ನಿಜ. 2001ರ ಏಪ್ರಿಲ್‌ನಲ್ಲಿ ಹಾರಿದ ಹೊಸ ಮಾದರಿ ಆರ್‌ಜೆಎಕ್ಸ್ ಅನ್ನು, ಸೆಪ್ಟೆಂಬರ್ ದಾಳಿಯ ನಂತರ ವಿಮಾನಯಾನ ಕುಸಿದಾಗ, ಅದೇ ನವೆಂಬರ್‌ನಲ್ಲಿ ರದ್ದುಪಡಿಸಲಾಯಿತು. ಅಷ್ಟರಲ್ಲಿ 390ರ ಆಸುಪಾಸಿನಷ್ಟು ವಿಮಾನಗಳು ತಯಾರಾಗಿದ್ದವು. ಬ್ರಿಟನ್ನಿನ ಬೇರಾವ ಪ್ರಯಾಣಿಕ ಜೆಟ್ ಕೂಡ ಅಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ.

ಪ್ರಯಾಣಿಕ ಸೇವೆಯಿಂದ ಹೊರಬಿದ್ದ ವಿಮಾನಗಳನ್ನು ಉತ್ತರ ಅಮೆರಿಕದಲ್ಲಿ ಕಾಡ್ಗಿಚ್ಚು ಆರಿಸಲು ಮಾರ್ಪಡಿಸಿದ್ದಾರೆ. ಸುಮಾರು 11,000 ಲೀಟರ್ ಬೆಂಕಿನಿರೋಧಕ ದ್ರಾವಣ ಹೊತ್ತು, ನಿಧಾನಗತಿಯಲ್ಲಿ ಹೊಗೆ ತುಂಬಿದ ಕಣಿವೆಗಿಳಿದು, ಅದನ್ನು ಸುರಿದು ಮತ್ತೆ ಮೇಲೇರಲು ಬೇಕಾದ ಗುಣಗಳು ಯಾವುವೋ, ಚಿಕ್ಕ ರನ್‌ವೇಗೆಂದು 1973ರಲ್ಲಿ ಬಯಸಿದ್ದೂ ಅವನ್ನೇ.

— ಸಂ.