ನಲ್ಲರ್ಬೋರ್‌ಗೆ ಕ್ಯಾನ್ ಡೀಸೆಲ್ ಬೇಕಾ?

ಆಸ್ಟ್ರೇಲಿಯಾದ ನಲ್ಲರ್ಬೋರ್ ಬಯಲನ್ನು ವ್ಯಾನಿನಲ್ಲಿ ಒಬ್ಬರೇ ದಾಟಲು ಕ್ಯಾನುಗಳಲ್ಲಿ ಡೀಸೆಲ್ ಒಯ್ಯಬೇಕಾ ಅಂತ ಕೇಳಿದ್ದೀರಿ. ಬಯಲು ದಾಟುವ ಮುಖ್ಯ ಹೆದ್ದಾರಿ ಏರ್ ಹೈವೇ (Eyre Highway) ಬಿಟ್ಟು ಒಳದಾರಿಗೆ ಇಳಿಯದಿದ್ದರೆ ಬೇಡ. ಪೂರ್ವ ತುದಿಯ ಊರು ಸೆಡ್ಯೂನಾದಿಂದ ಪಶ್ಚಿಮ ತುದಿಯ ನಾರ್ಸ್‌ಮನ್‌ಗೆ ಸುಮಾರು 1,200 ಕಿ.ಮೀ., ಪೂರ್ತಿ ಟಾರು ರಸ್ತೆ. ನಡುವೆ ರೋಡ್‌ಹೌಸ್‌ಗಳಲ್ಲಿ (ರಸ್ತೆ ಬದಿಯ ಬಂಕ್, ಊಟ, ತಂಗುವ ಜಾಗ) ಡೀಸೆಲ್ ಸಿಗುತ್ತದೆ, ರೇಟು ಮಾತ್ರ ಜಾಸ್ತಿ. ಅರ್ಧ ಟ್ಯಾಂಕಿಗೆ ಬಂದ ಕೂಡಲೇ ತುಂಬಿಸಿಬಿಡಿ. ಕ್ಯಾನಿನ ಜಾಗದಲ್ಲಿ ಕುಡಿಯುವ ನೀರು ಇಡಿ.

ನನ್ನ ಚಿಂತೆ ಡೀಸೆಲ್‌ದಲ್ಲ, ಸಂಜೆಯದು. ಹೊತ್ತು ಮುಳುಗುವಾಗ ಕಾಂಗರೂಗಳು ಪೊದೆಯಿಂದ ಸೀದಾ ರಸ್ತೆಗೆ ನೆಗೆಯುತ್ತವೆ. ಅಷ್ಟರೊಳಗೆ ವ್ಯಾನ್ ನಿಲ್ಲಿಸಿ. ಇದೇ ಹೆದ್ದಾರಿಯ ಕೈಗುನಾ–ಬ್ಯಾಲಡೋನಿಯಾ ರೋಡ್‌ಹೌಸ್‌ಗಳ ನಡುವೆ 146.6 ಕಿ.ಮೀ. ಒಂದು ತಿರುವೂ ಇಲ್ಲ. ಪಕ್ಕದಲ್ಲಿ ಮಾತಿಗೆ ಯಾರೂ ಇಲ್ಲದಾಗ ಕಣ್ಣು ಎಳೆಯುತ್ತದೆ, ಅಲ್ವಾ? ಅದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಹೊರಟಿದ್ದರೆ ಹಣ್ಣು, ತರಕಾರಿ, ಜೇನುತುಪ್ಪವನ್ನು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿಯ ತಪಾಸಣೆಯಲ್ಲಿ ತೆಗೆದುಕೊಂಡುಬಿಡುತ್ತಾರೆ. ಸುಮ್ನೆ ಜಾಸ್ತಿ ಕೊಳ್ಳಬೇಡಿ.