ನೀರಿಗೆ ಬಿದ್ದ ಮೊದಲ ನಿಮಿಷ

ಪ್ರಶ್ನೆ: ನಾವು ಆರು ಮಂದಿ ಗೆಳೆಯರು ಬೆಟ್ಟದ ನದಿಯಲ್ಲಿ ರಾಫ್ಟಿಂಗ್ ಮಾಡಬೇಕೆಂದಿದ್ದೇವೆ. ಎಲ್ಲರಿಗೂ ಇದು ಮೊದಲ ಸಲ. ಇಬ್ಬರಿಗೆ ಈಜು ಬರುವುದಿಲ್ಲ. ಗ್ರೇಡ್ 3ರ ನದಿ ಆರಿಸಿಕೊಂಡರೆ ಸಾಕಲ್ವಾ?

ಉತ್ತರ: ಗ್ರೇಡ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ನದಿಯ ಸೆಳವು ಎಷ್ಟು ಕಷ್ಟದ್ದು ಎಂದು ಹೇಳುವ, 1ರಿಂದ (ತೀರಾ ಸುಲಭ) 6ರವರೆಗಿನ (ತೀರಾ ಅಪಾಯ) ಆ ಅಂಕಿ ಕಲ್ಲಿನ ಮೇಲೆ ಕೆತ್ತಿಟ್ಟದ್ದಲ್ಲ. ಮಳೆ ಬಿದ್ದರೆ, ಹಿಮ ಕರಗಿದರೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ನಿನ್ನೆ 3 ಇದ್ದದ್ದು ಇವತ್ತು 4 ಆಗಬಹುದು. ಹಿಮದ ನದಿಯಾದರೆ ಬೆಳಿಗ್ಗೆ ನೀರು ಕಡಿಮೆ, ಬಿಸಿಲೇರಿದ ಮೇಲೆ ಜಾಸ್ತಿ. ಹಾಗಾಗಿ ಬೇಗ ಹೊರಡಿ.

ಕರೆದುಕೊಂಡು ಹೋಗುವವರಿಗೆ ಒಂದು ಪ್ರಶ್ನೆ ಕೇಳಿ: ‘ನೀರು ಎಷ್ಟಕ್ಕೆ ಏರಿದರೆ ನೀವು ರಾಫ್ಟ್ ಇಳಿಸುವುದಿಲ್ಲ?’ ತಡವರಿಸದೆ ಒಂದು ಮಟ್ಟ ಹೇಳಿದರೆ ಅವರಿಗೆ ನದಿ ಗೊತ್ತು. ‘ನಾವು ಯಾವತ್ತೂ ನಿಲ್ಲಿಸಿದ್ದೇ ಇಲ್ಲ’ ಅಂದರೆ ಬೇರೆಯವರನ್ನು ಹುಡುಕಿ. ನೀವೂ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಬಿಡುವಿಲ್ಲದೆ ಬಂದವರೇ ‘ಹೇಗೂ ಬಂದಿದ್ದೇವಲ್ಲ, ಹೋಗಿಬಿಡೋಣ’ ಎನ್ನುವುದು.

ಈಜು ಬಾರದವರು ಗ್ರೇಡ್ 2ರಿಂದ ಶುರು ಮಾಡುವುದು ನನ್ನ ಮಟ್ಟಿಗೆ ಸರಿ. ಆದರೆ ಈಜು ಬರುವವರೂ ಲೈಫ್ ಜಾಕೆಟ್ ನಂಬಿಯೇ ಇಳಿಯಬೇಕು. ನನ್ನ ಎರಡನೇ ಟ್ರಿಪ್‌ನಲ್ಲಿ ಕೊಟ್ಟಿದ್ದ ಜಾಕೆಟ್ ಸಡಿಲವಾಗಿತ್ತು. ನಾನೂ ಸುಮ್ನೆ ಹಾಕಿಕೊಂಡೆ. ನೀರಿಗೆ ಬಿದ್ದಾಗ ಅದು ಕಿವಿಯವರೆಗೆ ಏರಿತು. ಬಾಯಿ ನೀರಿನ ಮಟ್ಟದಲ್ಲೇ ಉಳಿಯಿತು. ಉಸಿರೆಳೆದಾಗಲೆಲ್ಲ ಗಾಳಿಯ ಜೊತೆ ನೀರು. ಆ ಹೆದರಿಕೆ ಇನ್ನೂ ಮರೆತಿಲ್ಲ. ಅಂದಿನಿಂದ ದಡದಲ್ಲೇ ಪರೀಕ್ಷೆ ಮಾಡುತ್ತೇನೆ: ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಗೆಳೆಯರೊಬ್ಬರು ಭುಜದ ಹತ್ತಿರ ಹಿಡಿದು ಜೋರಾಗಿ ಮೇಲಕ್ಕೆಳೆಯಬೇಕು. ಗದ್ದಕ್ಕೆ ತಾಗುವಷ್ಟು ಜಾರಿದರೆ ಇನ್ನೂ ಬಿಗಿಯಿರಿ, ಇಲ್ಲವೇ ಬೇರೆ ಕೇಳಿ.

ಬಿದ್ದರೆ ಅಂಗಾತ ತೇಲಿ. ಕಾಲು ನೀರು ಹರಿಯುವ ದಿಕ್ಕಿಗಿರಲಿ, ಪಾದ ನೀರಿನ ಮೇಲೆ ಕಾಣುವಂತಿರಲಿ. ಮೊಣಕಾಲಿಗಿಂತ ಆಳದ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಲೇಬೇಡಿ. ಎಲ್ಲರಿಗೂ ಮೊದಲು ಅನಿಸುವುದೇ ನಿಲ್ಲಬೇಕು ಅಂತ. ಪಾದ ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ನೀರು ಬೆನ್ನ ಮೇಲೆ ಒತ್ತಿ ಮುಖವನ್ನು ಮುಳುಗಿಸುತ್ತದೆ. ಬಿದ್ದ ಮರದ ಕೊಂಬೆಗಳು ನೀರಲ್ಲಿ ಹರಡಿರುವ ಕಡೆ ಮಾತ್ರ ತೇಲುತ್ತಾ ಹೋಗಬೇಡಿ, ಬೋರಲು ಮಗುಚಿಕೊಂಡು ಶಕ್ತಿಯೆಲ್ಲ ಹಾಕಿ ಪಕ್ಕಕ್ಕೆ ಈಜಿ. ನೀರು ಕೊಂಬೆಗಳ ನಡುವೆ ನುಗ್ಗಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ.

ಹತ್ತಿ ಬಟ್ಟೆ, ಜೀನ್ಸ್ ಬೇಡ. ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತವೆ. ಹಿಮದ ನೀರಿಗೆ ಮೈ ಬೆಚ್ಚಗಿಡುವ ಬಿಗಿ ರಬ್ಬರ್ ಉಡುಪು, ಅಂದರೆ ವೆಟ್‌ಸೂಟ್ ಬೇಕೇ ಬೇಕು. ದೋಣಿಯ ಹುಟ್ಟಿನ (ಪ್ಯಾಡಲ್) ತುದಿಯ ಹಿಡಿಯಿಂದ ಕೈ ತೆಗೆಯಬೇಡಿ. ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ.

ಹೊರಡುವ ಮೊದಲು ನಿಂತ ನೀರಿನಲ್ಲಿ ಎಲ್ಲರೂ ಒಮ್ಮೆ ಬೇಕೆಂದೇ ಬೀಳಿ. ಒಬ್ಬರನ್ನೊಬ್ಬರು ರಾಫ್ಟ್ ಒಳಗೆಳೆದುಕೊಳ್ಳಿ. ಕೈ ಹಿಡಿದಲ್ಲ, ಜಾಕೆಟ್‌ನ ಭುಜದ ಪಟ್ಟಿ ಹಿಡಿದು. ಈಜು ಬಾರದ ಆ ಇಬ್ಬರು ಮೊದಲು ಇಳಿಯಲಿ, ಜಾಕೆಟ್ ತಮ್ಮನ್ನು ತೇಲಿಸುತ್ತದೆ ಎಂಬುದನ್ನು ಅವರ ಮೈಯೇ ತಿಳಿದುಕೊಳ್ಳಲಿ.